ಮೊಗ್ಗಿನ ಜಡೆ ಫೋಟೊ, ಆಧಾರ್ ಫೋಟೊ: ಭಾವಚಿತ್ರ ಕಲೆಯಾದ ಕತೆ

ಸೋಗಾನೆ ಎಂದರೆ ಶಿವಮೊಗ್ಗ ಜಿಲ್ಲೆಯ ಜನಕ್ಕೆ ಈಗ ಎರಡು ಸಂಗತಿ ನೆನಪಾಗುತ್ತವೆ. ಒಂದು ಕೇಂದ್ರ ಕಾರಾಗೃಹ. ಇನ್ನೊಂದು 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. ಜೈಲಿಗೆ ಬಂದವರ ಫೋಟೊ ದಾಖಲೆಗೆ ಸೇರುತ್ತದೆ. ವಿಮಾನ ಹತ್ತುವವರ ಗುರುತಿನ ಚೀಟಿಯಲ್ಲಿರುವ ಫೋಟೊವನ್ನು ಮುಖಕ್ಕೆ ತಾಳೆ ನೋಡುತ್ತಾರೆ. ಅದೇ ನಿಲ್ದಾಣದ ಕಮಲದ ಆಕಾರದ ಕಟ್ಟಡದ ಮುಂದೆ ಜನ ಕೂದಲು ಸರಿಮಾಡಿಕೊಂಡು, ಸೆರಗು ಎಳೆದುಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಮುಖ ಒಂದೇ, ಫೋಟೊ ಎರಡು ಬಗೆ. ನಮ್ಮನ್ನು ಗುರುತು ಹಿಡಿಯಲು ಬೇರೆಯವರು ತೆಗೆಯುವುದು ಒಂದು. ‘ನಾನು ಹೀಗೆ ಕಾಣಬೇಕು’ ಎಂದು ನಾವೇ ನಿಂತು ತೆಗೆಸಿಕೊಳ್ಳುವುದು ಇನ್ನೊಂದು. ಫೋಟೊಗ್ರಫಿ ಹುಟ್ಟಿ 180 ವರ್ಷ ದಾಟಿದೆ. ಅಷ್ಟೂ ಕಾಲ ಈ ಎರಡೂ ಅಕ್ಕಪಕ್ಕದಲ್ಲೇ ನಡೆದುಕೊಂಡು ಬಂದಿವೆ. ಇವತ್ತು ದೊಡ್ಡ ಊರುಗಳ ಆರ್ಟ್ ಗ್ಯಾಲರಿಗಳಲ್ಲಿ ಫ್ಯಾಷನ್ ಫೋಟೊ, ಭಾವಚಿತ್ರಗಳನ್ನು ಕಲೆ ಎಂದು ಗೋಡೆಗೆ ಹಾಕುತ್ತಾರೆ. ನಮ್ಮ ಹಳ್ಳಿ ಮನೆಗಳ ಗೋಡೆಯ ಮೇಲಿದ್ದ ಫೋಟೊಗಳು ಮಾತ್ರ ಅಟ್ಟ ಸೇರಿ ಗೆದ್ದಲು ಹಿಡಿಯುತ್ತಿವೆ. ಆ ಫೋಟೊಗಳೂ ಈ ಕಲೆಯ ಇತಿಹಾಸದ ಭಾಗವೇ ಎಂದು ಹೇಳುವುದಕ್ಕೆ ಈ ಬರಹ.

ಭಾವಚಿತ್ರ ಎಂಬ ಮಾತು

ಕನ್ನಡದಲ್ಲಿ ಒಬ್ಬ ವ್ಯಕ್ತಿಯ ಮುಖದ ಚಿತ್ರಕ್ಕೆ ‘ಭಾವಚಿತ್ರ’ ಎನ್ನುತ್ತೇವೆ. ಮುಖದ ಅಳತೆಗಿಂತ ಅದರಲ್ಲಿ ಕಾಣುವ ಭಾವ ದೊಡ್ಡದು ಎಂದು ಆ ಪದವೇ ಹೇಳುತ್ತದೆ. ಆದರೆ ನಾವು ಈ ಪದವನ್ನು ಹೆಚ್ಚಾಗಿ ಓದುವುದು ಸರ್ಕಾರಿ ಅರ್ಜಿಗಳಲ್ಲಿ. ‘ಇತ್ತೀಚಿನ ಭಾವಚಿತ್ರವನ್ನು ಇಲ್ಲಿ ಅಂಟಿಸಿ’ ಎಂದಿರುತ್ತದೆ. ಅಲ್ಲಿ ಅಂಟಿಸುವ ಫೋಟೊದಲ್ಲಿ ಭಾವ ಇರಬಾರದು. ನಗಬಾರದು, ತಲೆ ವಾಲಿಸಬಾರದು, ನೇರ ನೋಡಬೇಕು.

ಪದ ಒಂದು ದಾರಿಗೆ, ಬಳಕೆ ಇನ್ನೊಂದು ದಾರಿಗೆ ಹೋಗಿದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕ್ಯಾಮೆರಾ ಬಂದ ಕಾಲ

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರ್ ಎಂಬಾತ ಕಂಡುಹಿಡಿದ ವಿಧಾನವನ್ನು ಲೋಕಕ್ಕೆ ತಿಳಿಸಿದರು. ಮರುವರ್ಷದ ಹೊತ್ತಿಗೆ ಅದು ಕಲ್ಕತ್ತಕ್ಕೂ ಬಂದಿತ್ತು. ಆಗ ಒಂದು ಫೋಟೊ ಮೂಡಲು ಬಹಳ ಹೊತ್ತು ಬೇಕಿತ್ತು. ಕೂತವರು ಅಲ್ಲಾಡಬಾರದೆಂದು ಕತ್ತಿನ ಹಿಂದೆ ಕಬ್ಬಿಣದ ಆನಿಕೆ ಕೊಡುತ್ತಿದ್ದರು. ಹಳೆಯ ಫೋಟೊಗಳಲ್ಲಿ ಎಲ್ಲರೂ ಸಿಟ್ಟಿನಲ್ಲಿ ಇದ್ದಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಅಷ್ಟು ಹೊತ್ತು ನಗುಮುಖ ಹಿಡಿದು ಕೂರಲು ಯಾರಿಗೂ ಆಗುವುದಿಲ್ಲ.

‘ಇದು ಯಂತ್ರದ ಕೆಲಸ, ಇದರಲ್ಲಿ ಕಲೆ ಎಲ್ಲಿದೆ?’ ಎಂಬ ತಕರಾರು ಮೊದಲ ದಿನಗಳಿಂದಲೇ ಇತ್ತು. ಅದಕ್ಕೆ ಗಟ್ಟಿ ಉತ್ತರ ಕೊಟ್ಟವರಲ್ಲಿ ಒಬ್ಬರು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. 1815ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಹೆಂಗಸು. ಇಂಗ್ಲೆಂಡಿನಲ್ಲಿದ್ದಾಗ, 48ನೇ ವಯಸ್ಸಿನಲ್ಲಿ, ಮಗಳು ಕೊಟ್ಟ ಕ್ಯಾಮೆರಾ ಹಿಡಿದು ಕಲಿತರು. ಮನೆಗೆಲಸದ ಹುಡುಗಿಯರನ್ನು, ನೆರೆಹೊರೆಯವರನ್ನು ಕೂರಿಸಿ ಪುರಾಣದ ಪಾತ್ರಗಳಂತೆ ಉಡಿಸಿ ಫೋಟೊ ತೆಗೆದರು. ಎಲ್ಲವೂ ಚೂಪಾಗಿ ಕಾಣಬೇಕಿಲ್ಲ ಎಂದು ಬೇಕೆಂದೇ ಸ್ವಲ್ಪ ಮಸುಕಾಗಿ ಬಿಟ್ಟರು. ಆಗಿನ ಪಂಡಿತರು ‘ಇವರಿಗೆ ಫೋಕಸ್ ಮಾಡಲು ಬರುವುದಿಲ್ಲ’ ಎಂದು ಆಡಿಕೊಂಡರು. ಇವತ್ತು ಅವೇ ಫೋಟೊಗಳು ಲಂಡನ್ನಿನ ಮ್ಯೂಸಿಯಂಗಳಲ್ಲಿವೆ. ಕೊನೆಗಾಲದಲ್ಲಿ ಅವರು ಸಿಂಹಳಕ್ಕೆ ಬಂದು, ಅಲ್ಲಿನ ತೋಟದ ಕೂಲಿಯವರ ಭಾವಚಿತ್ರಗಳನ್ನೂ ತೆಗೆದು, 1879ರಲ್ಲಿ ಅಲ್ಲೇ ತೀರಿಕೊಂಡರು.

ಫ್ಯಾಷನ್ ಫೋಟೊ ಇದಕ್ಕಿಂತ ಈಚಿನದು. 1911ರಲ್ಲಿ ಎಡ್ವರ್ಡ್ ಸ್ಟೈಕನ್ ಎಂಬ ಫೋಟೊಗ್ರಾಫರ್ ಪ್ಯಾರಿಸ್ಸಿನ ಪಾಲ್ ಪೊಯರೆ ಹೊಲಿದ ಉಡುಪುಗಳ ಫೋಟೊಗಳನ್ನು ಒಂದು ಕಲಾ ಪತ್ರಿಕೆಗೆ ತೆಗೆದರು. ಬಟ್ಟೆ ಮಾರುವುದಕ್ಕೆ ತೆಗೆದ ಫೋಟೊ ಕೂಡ ಕಲೆಯಾಗಬಹುದು ಎಂಬ ಮಾತು ಅಲ್ಲಿಂದ ಬಲವಾಯಿತು.

ಅಳತೆಗೆ ತೆಗೆದ ಫೋಟೊ

ನಮ್ಮ ದೇಶದಲ್ಲಿ ಅದೇ ಕಾಲಕ್ಕೆ ಇನ್ನೊಂದು ಕೆಲಸ ನಡೆಯುತ್ತಿತ್ತು. 1857ರ ದಂಗೆ ಕಂಡ ಬ್ರಿಟಿಷರಿಗೆ ತಾವು ಆಳುವ ಜನ ಯಾರು ಎಂದು ಪಟ್ಟಿ ಮಾಡಿಕೊಳ್ಳುವ ಅವಸರ ಬಂತು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟಗಳು ಬಂದವು. ಪುಟ ತಿರುಗಿಸಿದರೆ ಒಂದು ಮುಖ, ಜೊತೆಗೆ ಅದು ಯಾವ ಜಾತಿ, ಆ ಜಾತಿಯವರ ಗುಣ ಎಂಥದ್ದು ಎಂಬ ಟಿಪ್ಪಣಿ. ಬಹುತೇಕ ಕಡೆ ಆ ಮನುಷ್ಯನ ಹೆಸರೇ ಇಲ್ಲ.

1869ರಲ್ಲಿ ಲ್ಯಾಂಪ್ರಿ ಎಂಬಾತ ದಾರ ಕಟ್ಟಿ ಚೌಕಚೌಕವಾಗಿ ಮಾಡಿದ ಪರದೆಯ ಮುಂದೆ ಜನರನ್ನು ನಿಲ್ಲಿಸಿ ಫೋಟೊ ತೆಗೆಯುವ ವಿಧಾನ ಹೇಳಿದ. ಒಂದೊಂದು ಚೌಕ ಎರಡು ಇಂಚು. ಫೋಟೊ ನೋಡಿಯೇ ದೇಹದ ಅಳತೆ ಹಿಡಿಯಬಹುದು ಎಂಬುದು ಲೆಕ್ಕ. ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ಜನರ ತಲೆ, ಮೂಗು ಅಳೆದು, ಫೋಟೊ ಸೇರಿಸಿ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ 7 ಸಂಪುಟ ತಂದರು. ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಉಳಿಯಲಿಲ್ಲ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಹೆಸರಿನಲ್ಲಿ ಮೈಸೂರು ವಿಶ್ವವಿದ್ಯಾಲಯ 1928ರಿಂದ 1935ರ ನಡುವೆ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಬಗ್ಗೆ 4 ಸಂಪುಟ ಪ್ರಕಟಿಸಿತು. ಅವುಗಳಲ್ಲಿಯೂ ಫೋಟೊಗಳಿವೆ.

ಆ ಪುಸ್ತಕಗಳಿಂದ ಉಪಯೋಗವೇ ಇಲ್ಲ ಎಂದಲ್ಲ. ಆ ಕಾಲದ ಉಡುಗೆ, ಒಡವೆ, ಕೂದಲು ಕಟ್ಟುವ ರೀತಿ ತಿಳಿಯಲು ಇವತ್ತಿಗೂ ಅವು ಬೇಕು. ಆದರೆ ಅಲ್ಲಿ ನಿಂತವರ ಕಣ್ಣು ನೋಡಿ. ಯಾಕೆ ನಿಲ್ಲಿಸಿದ್ದಾರೆ ಎಂದು ಅವರಿಗೆ ಯಾರೂ ಹೇಳಿದಂತೆ ಕಾಣುವುದಿಲ್ಲ.

ಇಲ್ಲಿ ಕುವೆಂಪು ಅವರನ್ನು ನೆನೆಯಬೇಕು. ಆ ಸಂಪುಟಗಳು ಬರುತ್ತಿದ್ದ ಹೊತ್ತಿನಲ್ಲೇ, 1929ರಲ್ಲಿ, ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದ್ದರು. ಹುಟ್ಟುವ ಪ್ರತಿ ಮಗುವೂ ವಿಶ್ವಮಾನವ, ಜಾತಿ ಮತಗಳ ಕಟ್ಟು ನಾವು ಆಮೇಲೆ ಹಾಕುವುದು ಎಂಬುದು ಅವರು ಮುಂದೆ ಕೊಟ್ಟ ಸಂದೇಶ. ಮುಖದ ಕೆಳಗೆ ಜಾತಿ ಬರೆದ ಆ ಫೋಟೊಗಳಿಗೆ ಅದಕ್ಕಿಂತ ನೇರ ಉತ್ತರ ಬೇರೆ ಬೇಕಿಲ್ಲ. ಸೋಗಾನೆಯ ನಿಲ್ದಾಣಕ್ಕಿರುವುದು ಅವರದೇ ಹೆಸರು.

ಪೊಲೀಸ್ ಫೋಟೊದ ಕತೆಯೂ ಇದಕ್ಕೆ ಅಂಟಿಕೊಂಡೇ ಇದೆ. ಎದುರಿನಿಂದ ಒಂದು, ಪಕ್ಕದಿಂದ ಒಂದು ಎಂದು ಆರೋಪಿಗಳ ಫೋಟೊ ತೆಗೆಯುವ ಕ್ರಮವನ್ನು 1880ರ ದಶಕದಲ್ಲಿ ಪ್ಯಾರಿಸ್ ಪೊಲೀಸರಲ್ಲಿದ್ದ ಬರ್ಟಿಯೊಂ ಗಟ್ಟಿ ಮಾಡಿದ. ಬ್ರಿಟಿಷ್ ಇಂಡಿಯಾದಲ್ಲಿ ಕೈದಿಗಳ ಅಳತೆ, ಫೋಟೊ ತೆಗೆಯಲು 1920ರಲ್ಲಿ ಕಾಯ್ದೆ ಬಂತು. ಅದು 2022ರವರೆಗೂ ನಡೆಯಿತು. ಆ ವರ್ಷ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು.

ಪರದೆಯ ಮುಂದೆ ನಿಂತ ನಮ್ಮವರು

ಇನ್ನೊಂದು ದಾರಿ ಸ್ಟುಡಿಯೋದ್ದು. ಮೊದಲು ಅರಮನೆಯವರು, ಆಮೇಲೆ ದಿವಾನರು, ವಕೀಲರು, ಜಮೀನ್ದಾರರು ಫೋಟೊಕ್ಕೆ ಕೂತರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಇಂಗ್ಲಿಷರ ಸ್ಟುಡಿಯೋಗಳಿದ್ದವು. 1910ರಲ್ಲಿ ಶುರುವಾದ ಜಿ.ಕೆ. ವೇಲ್ ಸ್ಟುಡಿಯೋದ ಹೆಸರು ಇವತ್ತಿಗೂ ಓಡುತ್ತಿದೆ. ಮುಂದೆ ತಾಲ್ಲೂಕು ಕೇಂದ್ರಗಳಲ್ಲೂ ಒಂದೊಂದು ಸ್ಟುಡಿಯೋ ಆಯಿತು. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಭದ್ರಾವತಿಯಂಥ ಕಾರ್ಖಾನೆ ಊರಿನಲ್ಲಿ ತಿಂಗಳ ಸಂಬಳದ ಜನ ಇದ್ದರು. ಸಂಬಳ ಬಂದ ವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಫೋಟೊ ತೆಗೆಸುವುದು ಒಂದು ಸಂಭ್ರಮ.

ಆ ಸ್ಟುಡಿಯೋಗಳನ್ನು ಕಂಡವರಿಗೆ ಒಳಗಿನ ಚಿತ್ರ ಕಣ್ಣಿಗೆ ಕಟ್ಟಿದಂತಿರುತ್ತದೆ. ಹಿಂದೆ ಬಣ್ಣ ಬಳಿದ ಪರದೆ. ಅದರಲ್ಲಿ ಅರಮನೆಯ ಮೆಟ್ಟಿಲು, ಕಂಬ, ಕೊಳ, ಹಂಸ. ಪಕ್ಕದಲ್ಲಿ ಸ್ಟೂಲು, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಅಥವಾ ತಂತಿಯೇ ಇಲ್ಲದ ಟೆಲಿಫೋನು. ಗೋಡೆಗೆ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಮೊಳೆಗೆ ನೇತು ಹಾಕಿದ ಒಂದು ಕೋಟು, ಗಂಟು ಹಾಕಿಯೇ ಇಟ್ಟ ಟೈ. ಬಂದವರಿಗೆಲ್ಲ ಅದೇ ಕೋಟು. ದಪ್ಪ ಇದ್ದವರಿಗೆ ಗುಂಡಿ ಹಾಕುತ್ತಿರಲಿಲ್ಲ, ಸಣಕಲರಿಗೆ ಹಿಂದಿನಿಂದ ಪಿನ್ನು ಚುಚ್ಚುತ್ತಿದ್ದರು. ಕರೀ ಬಟ್ಟೆಯೊಳಗೆ ತಲೆ ತೂರಿಸಿದ ಫೋಟೊಗ್ರಾಫರ್ ‘ಗಲ್ಲ ಸ್ವಲ್ಪ ಮೇಲೆ... ಕಣ್ಣು ಮಿಟುಕಿಸಬೇಡಿ’ ಎನ್ನುತ್ತಿದ್ದ.

ಆ ಕೋಟು ಬಾಡಿಗೆಯದ್ದು, ಆ ಅರಮನೆ ಬಟ್ಟೆಯದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬ ಗೇಣಿದಾರನ ಮಗ ಕೋಟು ತೊಟ್ಟು ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದನ್ನು ಸುಮ್ಮನೆ ನೋಡಿ ಬಿಡಬೇಡಿ. ಊರಿನಲ್ಲಿ ಒಡೆಯರ ಎದುರು ಅವನು ಹಾಗೆ ಕೂರುವಂತಿರಲಿಲ್ಲ. ಸ್ಟುಡಿಯೋದಲ್ಲಿ ಕೂತ. ಆ ಕೂತದ್ದು ಕಾಗದದ ಮೇಲೆ ಉಳಿಯಿತು.

ಹೆಣ್ಣುಮಕ್ಕಳ ಮೊಗ್ಗಿನ ಜಡೆ ಫೋಟೊ ನಮ್ಮದೇ ಫ್ಯಾಷನ್ ಫೋಟೊ. ಬೇಸಿಗೆಯಲ್ಲಿ ಮಲ್ಲಿಗೆ ಬಂದಾಗ, ಇಲ್ಲವೇ ಸೀಮಂತಕ್ಕೆ, ಅಜ್ಜಿಯೋ ಅತ್ತೆಯೋ ಕೂತು ಬಾಳೆಪಟ್ಟೆಯ ಮೇಲೋ ರಟ್ಟಿನ ಮೇಲೋ ಮೊಗ್ಗುಗಳನ್ನು ಸೂಜಿ ದಾರದಲ್ಲಿ ಸಾಲಾಗಿ ಹೊಲಿಯುತ್ತಿದ್ದರು. ನಡುನಡುವೆ ಕನಕಾಂಬರ, ತುದಿಗೆ ಕುಚ್ಚು. ಮೊಗ್ಗು ಅರಳಿದರೆ ಸಾಲು ಕೆಡುತ್ತದೆ, ಹಾಗಾಗಿ ಸಂಜೆಯೊಳಗೆ ಸ್ಟುಡಿಯೋ ಮುಟ್ಟಬೇಕು. ಬಸ್ಸಿನಲ್ಲಿ ಹುಡುಗಿ ಬೆನ್ನು ಒರಗಿಸದೆ ಕೂರಬೇಕು.

ಸ್ಟುಡಿಯೋದವನ ಎದುರು ಒಂದು ಸಮಸ್ಯೆ. ಮುಖ ತೆಗೆದರೆ ಜಡೆ ಕಾಣುವುದಿಲ್ಲ, ಜಡೆ ತೆಗೆದರೆ ಮುಖ ಕಾಣುವುದಿಲ್ಲ. ಅದಕ್ಕೆ ಹುಡುಗಿಯನ್ನು ನಿಲುಗನ್ನಡಿಯ ಮುಂದೆ ಓರೆಯಾಗಿ ನಿಲ್ಲಿಸಿದ. ಒಂದೇ ಫೋಟೊದಲ್ಲಿ ಮುಖವೂ ಬಂತು, ಕನ್ನಡಿಯಲ್ಲಿ ಜಡೆಯೂ ಬಂತು. ಕನ್ನಡಿಯಲ್ಲಿ ಕ್ಯಾಮೆರಾ ಕಾಣಬಾರದು, ದೀಪದ ಹೊಳಪು ಹೊಡೆಯಬಾರದು. ಇಷ್ಟೆಲ್ಲ ಲೆಕ್ಕ ಹಾಕಿ ತೆಗೆದ ಫೋಟೊ ಅದು. ಹೊಲಿದ ಅಜ್ಜಿ, ನಿಂತ ಹುಡುಗಿ, ತೆಗೆದ ಫೋಟೊಗ್ರಾಫರ್ ಮೂವರೂ ಸೇರಿ ಮಾಡಿದ್ದು. ಕಲೆ ಎಂದು ಕರೆಯಲು ಇನ್ನೇನು ಬೇಕು?

ಕೆಲಸ ಕತ್ತಲೆ ಕೋಣೆಯಲ್ಲೂ ಮುಂದುವರಿಯುತ್ತಿತ್ತು. ಚೂಪು ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ ಗೀಚಿ ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು ಅಳಿಸುತ್ತಿದ್ದರು. ಕಪ್ಪುಬಿಳುಪು ಫೋಟೊದ ಕೆನ್ನೆಗೆ ಕೈಯಿಂದಲೇ ಗುಲಾಬಿ ಬಣ್ಣ ಕೊಡುತ್ತಿದ್ದರು. ಯಾರಾದರೂ ತೀರಿಕೊಂಡರೆ ಮದುವೆಯ ಗುಂಪು ಫೋಟೊ ತಂದು ‘ಇದರಲ್ಲಿ ನಮ್ಮ ಅಪ್ಪನನ್ನು ಮಾತ್ರ ದೊಡ್ಡದು ಮಾಡಿಕೊಡಿ’ ಎನ್ನುತ್ತಿದ್ದರು. ಅಕ್ಕಪಕ್ಕದವರನ್ನು ಬಣ್ಣದಲ್ಲಿ ಮುಚ್ಚಿ, ಬರಿಮೈಯ ಅಪ್ಪನಿಗೆ ಒಂದು ಅಂಗಿ ತೊಡಿಸಿ ಚೌಕಟ್ಟು ಹಾಕಿ ಕೊಡುತ್ತಿದ್ದರು.

ಈ ಪರದೆಯ ಮುಂದೆ ಎಲ್ಲರೂ ನಿಂತರು ಎಂದರೆ ಸುಳ್ಳಾಗುತ್ತದೆ. ಕೂಲಿ ಮಾಡುವವರಿಗೆ ಅಷ್ಟು ದುಡ್ಡು ಇರಲಿಲ್ಲ. ಗಂಡ ಸತ್ತ ಹೆಂಗಸರನ್ನು ಅನೇಕ ಮನೆಗಳಲ್ಲಿ ಫೋಟೊಕ್ಕೆ ನಿಲ್ಲಿಸುತ್ತಿರಲಿಲ್ಲ. ಫೋಟೊ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೆದರಿದವರೂ ಇದ್ದರು.

ಸ್ಟುಡಿಯೋದ ಹೊರಗೂ ಒಳ್ಳೆಯ ಭಾವಚಿತ್ರ ತೆಗೆದವರಿದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೇಶ ಸುತ್ತಿ, ಕೆಲಸದಲ್ಲಿ ತೊಡಗಿದ ಸಾಮಾನ್ಯ ಜನರನ್ನು, ಮಕ್ಕಳನ್ನು ಅವರಿದ್ದ ಹಾಗೆಯೇ ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೊಗಳ ಪ್ರದರ್ಶನವನ್ನು ಯುನಿಸೆಫ್ ನ್ಯೂಯಾರ್ಕ್‌ನಲ್ಲಿ ನಡೆಸಿತು. ಅವರು ಬಡವರ ಫೋಟೊ ತೆಗೆದರು, ಆದರೆ ನೋಡುವವರಿಗೆ ಕನಿಕರ ಹುಟ್ಟಿಸಲು ತೆಗೆಯಲಿಲ್ಲ.

ಜೈಲಿನ ಹಿಂದಿನ ಸ್ಟುಡಿಯೋ

ಊರಿನ ಸ್ಟುಡಿಯೋ ಫೋಟೊ ಲೋಕದ ದೊಡ್ಡ ಗ್ಯಾಲರಿಗೆ ಹೋದ ಉದಾಹರಣೆ ಬೇಕಿದ್ದರೆ ಆಫ್ರಿಕಾದ ಮಾಲಿ ದೇಶಕ್ಕೆ ಹೋಗಬೇಕು. ಅಲ್ಲಿನ ರಾಜಧಾನಿ ಬಮಾಕೊದಲ್ಲಿ ಸೇಯ್ದು ಕೈಟಾ ಎಂಬುವರು 1948ರಲ್ಲಿ ಸ್ಟುಡಿಯೋ ತೆರೆದರು. ಊರಿನ ಜೈಲಿನ ಹಿಂಭಾಗದಲ್ಲೇ ಅವರ ಜಾಗ. ಪರದೆಗೆ ದುಡ್ಡಿಲ್ಲದೆ ತಮ್ಮ ಹಾಸಿಗೆಯ ಮೇಲಿನ ಹೊದಿಕೆಯನ್ನೇ ಹಿಂದೆ ಕಟ್ಟಿದರು. ಕೋಟು, ಕೈಗಡಿಯಾರ, ರೇಡಿಯೋ, ಸ್ಕೂಟರ್ ಇಟ್ಟಿದ್ದರು. ಬಂದವರು ಬೇಕಾದ್ದು ತೊಟ್ಟು, ಬೇಕಾದ್ದು ಹಿಡಿದು ನಿಲ್ಲುತ್ತಿದ್ದರು. ಖರ್ಚು ಉಳಿಸಲು ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಫೋಟೊ, ಅದೂ ಹಗಲ ಬೆಳಕಿನಲ್ಲಿ. ನಮ್ಮ ಶಿವಮೊಗ್ಗ, ಭದ್ರಾವತಿಯ ಸ್ಟುಡಿಯೋ ಕತೆಯೇ ಅನ್ನಿಸುವುದಿಲ್ಲವೇ?

ಕೈಟಾ ನೆಗೆಟಿವ್‌ಗಳನ್ನು ಬಿಸಾಡಲಿಲ್ಲ. 1990ರ ದಶಕದ ಆರಂಭದಲ್ಲಿ ಹೊರಗಿನವರ ಕಣ್ಣಿಗೆ ಅವು ಬಿದ್ದವು. 1994ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವಾಯಿತು. ಊರಿನವರು ಮನೆಗೆಂದು ತೆಗೆಸಿಕೊಂಡ ಫೋಟೊಗಳು ಇಪ್ಪತ್ತನೇ ಶತಮಾನದ ದೊಡ್ಡ ಕಲೆ ಎನಿಸಿಕೊಂಡವು.

ಅದೇ 1948ರ ಕೊನೆಯಲ್ಲಿ ಅಮೆರಿಕದ ‘ವೋಗ್’ ಪತ್ರಿಕೆಯ ಫ್ಯಾಷನ್ ಫೋಟೊಗ್ರಾಫರ್ ಇರ್ವಿಂಗ್ ಪೆನ್ ಪೆರು ದೇಶದ ಕುಸ್ಕೊ ಊರಿನಲ್ಲಿ ಅಲ್ಲಿಯವರೊಬ್ಬರ ಸ್ಟುಡಿಯೋ ಬಾಡಿಗೆಗೆ ಹಿಡಿದರು. ಕ್ರಿಸ್‌ಮಸ್ ಹಬ್ಬಕ್ಕೆ ಫೋಟೊ ತೆಗೆಸಲು ಬೆಟ್ಟದಿಂದ ಇಳಿದು ಬಂದ ಜನ ದುಡ್ಡು ಕೊಡಲು ತಯಾರಾಗಿದ್ದರು. ಪೆನ್ ತಾವೇ ಅವರಿಗೆ ದುಡ್ಡು ಕೊಟ್ಟು ನಿಲ್ಲಿಸಿದರು. ಬಹಳ ಚೆಂದದ ಫೋಟೊಗಳು ಅವು. ಆದರೆ ಹೇಗೆ ನಿಲ್ಲಬೇಕೆಂದು ತೀರ್ಮಾನಿಸುವವರು ಬದಲಾದರು. ಹಳೆಯ ಫೋಟೊ ನೋಡುವಾಗ ‘ಇದಕ್ಕೆ ದುಡ್ಡು ಕೊಟ್ಟವರು ಯಾರು?’ ಎಂದು ಕೇಳಿಕೊಳ್ಳಿ. ಸರ್ಕಾರವೋ, ಪತ್ರಿಕೆಯೋ, ನಿಂತವರೇ ಕೊಟ್ಟಿದ್ದೋ? ಅರ್ಧ ಇತಿಹಾಸ ಅಲ್ಲೇ ತಿಳಿಯುತ್ತದೆ.

ಪುಷ್ಪಮಾಲಾ ತಾವೇ ನಿಂತರು

ನಮ್ಮ ರಾಜ್ಯದಲ್ಲಿ ಈ ಎರಡೂ ದಾರಿಯನ್ನು ಒಂದೇ ಕಡೆ ತಂದವರು ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. 1956ರಲ್ಲಿ ಹುಟ್ಟಿದ ಇವರು ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. 1990ರ ದಶಕದಲ್ಲಿ ಫೋಟೊ ಕಡೆ ತಿರುಗಿದರು. ಆದರೆ ಕ್ಯಾಮೆರಾದ ಹಿಂದೆ ಹೋಗದೆ ಮುಂದೆ ನಿಂತರು.

2000ದಿಂದ 2004ರವರೆಗೆ ಬೆಂಗಳೂರಿನಲ್ಲಿ ನೆಲೆಸಿದ ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ ‘ದಕ್ಷಿಣ ಭಾರತದ ದೇಶೀ ಹೆಂಗಸರು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಒಂದು ಸರಣಿ ಮಾಡಿದರು. ಬಣ್ಣದ ಪರದೆ ಬರೆಸಿದರು, ಬಟ್ಟೆ ಹೊಲಿಸಿದರು, ಒಡವೆ ಹುಡುಕಿದರು. ರಾಜಾ ರವಿವರ್ಮರ ಲಕ್ಷ್ಮಿಯಾಗಿ ಕಮಲದ ಮೇಲೆ ನಿಂತರು. ಸಿನಿಮಾದ ಜಯಲಲಿತಾ ಆದರು. ಬ್ರಿಟಿಷರ ಕಾಲದ ಫೋಟೊದ ತೋಡ ಹೆಂಗಸಾದರು. ಪತ್ರಿಕೆಯಲ್ಲಿ ಬಂದಿದ್ದ, ಪೊಲೀಸರು ಫಲಕ ಹಿಡಿಸಿ ನಿಲ್ಲಿಸಿದ ಇಬ್ಬರು ಆರೋಪಿ ಹೆಂಗಸರ ಫೋಟೊವನ್ನೂ ಹಾಗೆಯೇ ಮತ್ತೆ ಮಾಡಿದರು. ಅಳತೆಯ ಚೌಕದ ಪರದೆಯ ಮುಂದೆಯೂ ನಿಂತರು.

ದೇವಿ, ನಟಿ, ಬುಡಕಟ್ಟಿನ ಹೆಂಗಸು, ಆರೋಪಿ ಎಲ್ಲರದೂ ಒಂದೇ ಮುಖ. ನೋಡುತ್ತಾ ಹೋದರೆ ಒಂದು ವಿಷಯ ಹೊಳೆಯುತ್ತದೆ. ಉಡುಪು, ಪರದೆ, ನಿಲ್ಲಿಸಿದ ರೀತಿ ಬದಲಾದ ಕೂಡಲೇ ಅದೇ ಮುಖಕ್ಕೆ ನಾವು ಕೈ ಮುಗಿಯುತ್ತೇವೆ, ಅಥವಾ ಅದೇ ಮುಖವನ್ನು ಅನುಮಾನಿಸುತ್ತೇವೆ. ಊರಿನ ಸ್ಟುಡಿಯೋದವರಿಗೆ ಇದು ಕೈಕೆಲಸವಾಗಿ ಗೊತ್ತಿತ್ತು. ಪುಷ್ಪಮಾಲಾ ಅದನ್ನೇ ಕಲೆಯ ವಿಷಯ ಮಾಡಿದರು.

ಈಗ ಏನು ಉಳಿದಿದೆ?

1993ರಲ್ಲಿ ಟಿ.ಎನ್. ಶೇಷನ್ ಕಾಲದಲ್ಲಿ ಮತದಾರರ ಗುರುತಿನ ಚೀಟಿ ಬಂತು. 2010ರಿಂದ ಆಧಾರ್. ಜೀವನದಲ್ಲಿ ಒಮ್ಮೆಯೂ ಸ್ಟುಡಿಯೋ ಮೆಟ್ಟಿಲು ಹತ್ತದವರ ಮುಖವೂ ಹೀಗೆ ದಾಖಲೆಯಾಯಿತು. ರೇಷನ್ನಿಗೆ, ಪಿಂಚಣಿಗೆ ಅದು ಬೇಕು, ಬೇಡ ಅನ್ನಲಾಗದು.

ಆದರೆ ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ಒಂದು ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ಯಾರದೋ ಸಾವಿನ ಸುದ್ದಿಗೆ ‘ಒಂದು ಫೋಟೊ ಕೊಡಿ’ ಎಂದು ಮನೆಯವರನ್ನು ಕೇಳುತ್ತೇವೆ. ಎಪ್ಪತ್ತು ವರ್ಷ ಗದ್ದೆ ತೋಟದಲ್ಲಿ ದುಡಿದ ಅಜ್ಜಿಯದು ಅಂತ ಬರುವುದು ಆಧಾರ್ ಕಾರ್ಡಿನ ಫೋಟೊ. ಅದನ್ನೇ ಹಿಗ್ಗಿಸಿ ಹಾರ ಹಾಕುತ್ತಾರೆ. ಕಣ್ಣು ಕೋರೈಸುವ ದೀಪದಲ್ಲಿ ಕೂತು, ‘ಮುಂದಿನವರು ಬನ್ನಿ’ ಎನ್ನುವುದರೊಳಗೆ ತೆಗೆದ ಮುಖ. ಆಕೆ ಹೇಗೆ ನಗುತ್ತಿದ್ದರು, ಯಾವ ಸೀರೆ ಇಷ್ಟ ಇತ್ತು ಎಂಬುದು ಅದರಲ್ಲಿ ಇಲ್ಲ. ಮೊಮ್ಮಕ್ಕಳ ಫೋನಿನಲ್ಲಿ ಸಾವಿರ ಸೆಲ್ಫಿ ಇರುತ್ತವೆ, ಅಜ್ಜಿಯದು ಒಂದೂ ಇರುವುದಿಲ್ಲ.

ಇನ್ನೊಂದು ಕಡೆ ಹಳೆಯ ಸ್ಟುಡಿಯೋಗಳು ಬಾಗಿಲು ಹಾಕುತ್ತಿವೆ. ಉಳಿದವು ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೊ, ಮದುವೆ ಆಲ್ಬಂ ಮೇಲೆ ಬದುಕಿವೆ. ಅಂಗಡಿ ಖಾಲಿ ಮಾಡುವಾಗ ಮೊದಲು ಗುಜರಿಗೆ ಹೋಗುವುದು ನೆಗೆಟಿವ್ ಡಬ್ಬಿಗಳು. ಬಮಾಕೊದಲ್ಲಿ ಉಳಿದದ್ದು ಇಲ್ಲಿ ಉಳಿಯದೆ ಹೋಗಬಹುದು.

ನಮ್ಮ ಕೈಲಿ ಆಗುವುದು ದೊಡ್ಡ ಕೆಲಸವೇನಲ್ಲ:

• ಮನೆಯ ಹಳೆಯ ಫೋಟೊಗಳನ್ನು ಒಮ್ಮೆ ಕೆಳಗಿಳಿಸಿ. ಹಿರಿಯರು ಇರುವಾಗಲೇ ಯಾರು ಯಾರು ಎಂದು ಕೇಳಿ, ಹಿಂಭಾಗದಲ್ಲಿ ಮೆತ್ತನೆ ಪೆನ್ಸಿಲ್ಲಿನಲ್ಲಿ ಹೆಸರು, ಊರು ಬರೆಯಿರಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ.

• ಹಿಂಭಾಗದಲ್ಲಿ ಸ್ಟುಡಿಯೋದ ಮೊಹರು ಇದೆಯೇ ನೋಡಿ. ಅದು ಆ ಫೋಟೊದ ಊರು, ಕಾಲ ಹೇಳುತ್ತದೆ.

• ಲ್ಯಾಮಿನೇಷನ್ ಮಾಡಿಸಬೇಡಿ. ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೆ ತಾಗದಂತೆ ನೋಡಿಕೊಳ್ಳಿ.

• ಜಗಲಿಯ ನೆರಳಿನ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ನೇರ ಮೇಲಿನಿಂದ ಫೋನಿನಲ್ಲಿ ಒಂದು ಪ್ರತಿ ತೆಗೆದು ಇಬ್ಬರ ಹತ್ತಿರ ಇಡಿ.

• ನಿಮ್ಮ ಊರಿನ ಸ್ಟುಡಿಯೋ ಮುಚ್ಚುತ್ತಿದ್ದರೆ ನೆಗೆಟಿವ್‌ಗಳನ್ನು ಕೇಳಿ ನೋಡಿ. ಶಾಲೆಯಲ್ಲೋ ಗ್ರಂಥಾಲಯದಲ್ಲೋ ಒಂದು ಬೀರು ಸಾಕು.

ಕೊನೆಯದಾಗಿ, ಈ ವಾರ ಮನೆಯ ಹಿರಿಯರೊಬ್ಬರ ಫೋಟೊ ತೆಗೆಯಿರಿ. ಕದ್ದು ತೆಗೆಯಬೇಡಿ. ‘ಅಜ್ಜಿ, ನಿಮ್ಮದೊಂದು ಫೋಟೊ ತೆಗೀಬೇಕು’ ಎಂದು ಹೇಳಿ. ಬೇಡ ಅನ್ನುತ್ತಾರೆ, ಇನ್ನೊಮ್ಮೆ ಕೇಳಿ. ಒಳಗೆ ಹೋಗಿ ಸೀರೆ ಬದಲಿಸಿ, ತಲೆ ಬಾಚಿ ಬರುವಷ್ಟು ಹೊತ್ತು ಕೊಡಿ. ಎಲ್ಲಿ ಕೂರಬೇಕೆಂದು ಅವರೇ ಹೇಳಲಿ.